ಬಾರದ ಲೇತಿಗೆ ಆಯುಧಪೂಜೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಟೆಂಪರರಿ ಗುಮಾಸ್ತ. ಅಲ್ಲಿ ತಯಾರಾದ ದಪ್ಪ ಬೋಲ್ಟುಗಳು ಮದ್ರಾಸಿನ ಏಜೆಂಟರ ಮೂಲಕ ಇಂಗ್ಲೆಂಡಿನ ಆಚೆ, ನಡುಸಮುದ್ರದ ತೈಲಬಾವಿಗಳಿಗೆ ಹೋಗುತ್ತಿದ್ದವು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ ನಾವು, ಅದು ನಿಂತಿರುವುದೇ ನಮ್ಮ ಬೋಲ್ಟಿನ ಮೇಲೆ ಎಂದು ಬೀಗುತ್ತಿದ್ದೆವು.

ಕಬ್ಬಿಣ ಕಡೆಯುವ ಎರಡನೇ ದೊಡ್ಡ ಲೇತ್ ಬಂದರೆ ನನ್ನ ಕೆಲಸ ಕಾಯಂ ಎಂದು ಯಜಮಾನರು ಮಾತು ಕೊಟ್ಟಿದ್ದರು. ಆ ಮಾತನ್ನು ನಂಬಿ ಮನೆಯಲ್ಲಿ ನನಗೆ ಹೆಣ್ಣನ್ನೂ ನೋಡಿಯಾಗಿತ್ತು. ಲೇತ್ ಕೂರಲು ಕಾಂಕ್ರೀಟಿನ ಕಟ್ಟೆ ಸಿದ್ಧವಾಯಿತು. ಲೇತ್ ಬರುವ ಮೊದಲೇ ಆಯುಧಪೂಜೆ ಬಂತು.

"ಹೇಗಿದ್ರೂ ಬರೋದು ತಾನೇ ಗುರು, ಪೂಜೆಗ್ಯಾಕೆ ಇನ್ನೊಂದು ವರ್ಷ ಕಾಯಿಸೋದು?" ಎಂದ ಲೇತ್ ನಡೆಸುವ ನಮ್ಮ ಹಿರಿಯ ಟರ್ನರ್, ಬೋಳು ಕಟ್ಟೆಗೇ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಮುಂದೆ ಬೂದುಗುಂಬಳ ಒಡೆದ. ಮಂಗಳಾರತಿ ತಟ್ಟೆ ಹಿಡಿದವನು ನಾನು. ಯಾರಿಗೆ ಒಲಿಯಬೇಕೆಂದು ದೇವರಿಗೇ ಗಲಿಬಿಲಿಯಾಗಿರಬೇಕು.

ಹಬ್ಬ ಮುಗಿದ ವಾರವೇ ಏಜೆಂಟರ ಕಾಗದ ಬಂತು. ಎಣ್ಣೆ ಬೆಲೆ ಏರಿ ಕಂಪನಿಗಳಿಗೆ ಕೂತಲ್ಲೇ ಲಾಭ ಸುರಿದಿದೆ, ಅಲ್ಲಿನ ಸರ್ಕಾರ ಆ ಲಾಭದ ಮೇಲೆ ಇನ್ನೊಂದು ತೆರಿಗೆ ಹಾಕಿದೆ, ಹಾಗಾಗಿ ಕಂಪನಿಗಳು ಹೊಸ ಬಾವಿಗಳನ್ನು ಮುಂದೂಡಿವೆ, ಬೋಲ್ಟು ಸದ್ಯಕ್ಕೆ ಬೇಡ.

"ಬಿಟ್ಟಿ ಬಂದಿದ್ರಲ್ಲಿ ಪಾಲು ಕೇಳಿದ್ರೆ ತಪ್ಪೇನು ಸಾರ್? ಅಷ್ಟಕ್ಕೇ ಮುನಿಸ್ಕೊಂಡು ಬಾವಿ ತೋಡಲ್ಲ ಅನ್ನೋದಾ?" ಟರ್ನರ್ ರೇಗಿದ.

"ಕೇಳ್ಲಿ ಕಣಯ್ಯಾ. ಆದ್ರೆ ಮುಂದಿನ ಬಾವೀಲಿ ಎಣ್ಣೆ ಸಿಗದಿದ್ರೆ ಅದೇ ಸರ್ಕಾರ ಬಂದು ನಷ್ಟ ಹೊರುತ್ತಾ? ಸಿಕ್ರೆ ಮಾತ್ರ ಕೈ ಚಾಚುತ್ತೆ. ದುಡ್ಡು ಹಾಕೋನು ಯೋಚ್ನೆ ಮಾಡಲ್ವಾ?" ಎಂದ ಯಜಮಾನರು ಅದೇ ಸಂಜೆ ಲೇತಿನ ಆರ್ಡರ್ ರದ್ದು ಮಾಡಿದರು.

ಇಬ್ಬರ ಮಾತೂ ನನಗೆ ಸರಿಯೆನಿಸಿತು. ಮನಸಾರೆ ಬೈಯಲು ಒಬ್ಬನೂ ಸಿಗಲಿಲ್ಲ.

ಭಾನುವಾರ ವಿಜಯನಗರದ ನಮ್ಮ ಮನೆಗೆ ಬಂದ ಹೆಣ್ಣಿನ ಕಡೆಯವರು "ಕಾಯಂ ಆಗ್ಲಿ, ನೋಡೋಣ" ಎಂದು ಕಾಫಿ ಕುಡಿದು ಎದ್ದರು. ನಾನು ಇಂಗ್ಲೆಂಡಿನ ತೆರಿಗೆಯ ವಿಷಯ ವಿವರಿಸಲು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ಗದರಿದರು. ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನಿಜ.

ಆಮೇಲೆ ನಾವು ಆ ಕಟ್ಟೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಮರುವರ್ಷದ ಪೂಜೆಯಲ್ಲಿ ಟರ್ನರ್ ಅದಕ್ಕೆ ಮತ್ತೆ ಕುಂಕುಮ ಹಚ್ಚಿದ. ನಾನೂ ಒಂದು ಹೂವಿಟ್ಟು ಕೈಮುಗಿದೆ. ಅಲ್ಲಿ ಕಾಯಂ ಆದದ್ದು ಆ ಕಟ್ಟೆಯೊಂದೇ.