ರೇಡಿಯೋಗೆ ಮುಖವಿರಲಿಲ್ಲ

ನಾನಿನ್ನೂ ಚಿಕ್ಕವನಿದ್ದಾಗ, ರಾಜಾಜಿನಗರದ ನಮ್ಮ ಶಾಲೆಗೆ ಒಂದು ರೇಡಿಯೋ ಬಂತು. ಮರದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ. ಬಿಸಿಯಾದಾಗ ಅದರಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಅಲ್ಲಿ ಓದುತ್ತಿದ್ದವರೆಲ್ಲ ಕಾರ್ಖಾನೆ ಕೆಲಸಗಾರರ ಮಕ್ಕಳು. ಹೆಚ್ಚಿನವರ ಮನೆಯಲ್ಲಿ ರೇಡಿಯೋ ಇರಲಿಲ್ಲ. "ಇನ್ಮೇಲೆ ದೊಡ್ಡ ಶಾಲೆ ಮಕ್ಕಳು ಕೇಳೋ ಪಾಠಾನೇ ನೀವೂ ಕೇಳ್ತೀರಾ" ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿದರು.

ಮಧ್ಯಾಹ್ನ ಎಲ್ಲ ತರಗತಿಯವರನ್ನೂ ನೆಲದ ಮೇಲೆ ಸಾಲಾಗಿ ಕೂರಿಸಿದರು. ಎತ್ತರದವನಾದ ನಾನು ಕೊನೆಯ ಸಾಲಿನಲ್ಲಿದ್ದೆ. ರೇಡಿಯೋ ಹಾಕಿದರು. ಮುಚ್ಚಿದ ಬಾಗಿಲಿನಾಚೆ ಯಾರೋ ಗೊಣಗಿದಂತೆ ನನಗೆ ಕೇಳಿಸಿತು, ಅಷ್ಟೇ. ಹಿಂದಿನ ವರ್ಷ ಜ್ವರ ಬಂದು ಹೋದಮೇಲೆ ನನ್ನ ಕಿವಿ ಮಂದವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಹೀಗೇ ಕೇಳಿಸುತ್ತದೆಂದು ನಾನೂ ತಿಳಿದಿದ್ದೆ. ತರಗತಿಯಲ್ಲಿ ಮೇಷ್ಟ್ರ ತುಟಿ ನೋಡಿ ಪಾಠ ತಿಳಿದುಕೊಳ್ಳುತ್ತಿದ್ದೆ. ಆದರೆ ರೇಡಿಯೋಗೆ ಮುಖವಿರಲಿಲ್ಲ.

ಇದ್ದಕ್ಕಿದ್ದಂತೆ ಎಲ್ಲರೂ ನಕ್ಕರು. ಯಾಕೆಂದು ತಿಳಿಯದೆ, ಪಕ್ಕದವನ ಹೊಟ್ಟೆ ಕುಣಿಯುವುದನ್ನು ನೋಡುತ್ತ ಕೂತೆ. ಕೊನೆಗೆ ಮೇಷ್ಟ್ರು ನನ್ನನ್ನೇ ಎಬ್ಬಿಸಿದರು. "ಮಂಗ ಯಾಕೆ ಅಳ್ತು, ಹೇಳೋ?"

ನಾನು ಪಕ್ಕದವನ ತುಟಿ ನೋಡಿದೆ.

"ಎಲ್ರಿಗೂ ಒಂದೇ ರೇಡಿಯೋ ಕಣೋ. ನಿನಗೊಬ್ಬನಿಗೆ ಬೇರೆ ತರಬೇಕಾ?"

ಮತ್ತೆ ಎಲ್ಲರೂ ನಕ್ಕರು. ಈ ಸಲ ಯಾಕೆಂದು ಗೊತ್ತಾಯಿತು.

ಸಂಜೆ ನಾನೊಬ್ಬನೇ ಮನೆ ಕಡೆ ನಡೆಯುತ್ತಿದ್ದೆ. ಮೇಲಿನ ತರಗತಿಯಲ್ಲಿದ್ದ ಅಕ್ಕ ಹಿಂದಿನಿಂದ ಕೂಗುತ್ತಲೇ ಇದ್ದಳಂತೆ. ಕೊನೆಗೆ ಓಡಿ ಬಂದು ಎದುರು ನಿಂತಳು. "ಕೂಗಿದ್ದು ಕೇಳಿಸ್ಲಿಲ್ವೇನೋ?" ಎಂದವಳು, ನನ್ನ ಮುಖ ನೋಡಿ, ನನಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೆಂದು ಅರಿತಳು. ಆಮೇಲೆ ರಸ್ತೆ ಬದಿಯ ಚಪ್ಪಡಿ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ರೇಡಿಯೋದಲ್ಲಿ ಬಂದ ಇಡೀ ಕಥೆಯನ್ನು ಬಿಡಿಸಿ ಬಿಡಿಸಿ ಹೇಳಿದಳು. ಮಳೆಯಲ್ಲಿ ಕೊಡೆ ಹಿಡಿದ ಮಂಗ, ಬಾಲ ಮಾತ್ರ ನೆನೆಯಿತೆಂದು ಅತ್ತಿತಂತೆ. ನನಗೆ ನಗು ಬಂತು. ಉಳಿದವರೆಲ್ಲ ನಕ್ಕು ಮನೆ ಸೇರಿಯಾಗಿತ್ತು.

ಅಕ್ಕ ಮನೆಯಲ್ಲಿ ಹೇಳಿದ್ದರಿಂದ, ಮರುದಿನ ಅಪ್ಪ ಶಾಲೆಗೆ ಬಂದು ನನ್ನ ಕಿವಿಯ ವಿಷಯ ತಿಳಿಸಿದರು. ಮೇಷ್ಟ್ರು ತುಂಬ ಹೊತ್ತು ನನ್ನ ತಲೆ ಸವರಿ, ರೇಡಿಯೋ ಹತ್ತಿರವೇ ಕೂರಿಸಿದರು. ಸದ್ದು ದೊಡ್ಡದಾಯಿತು, ಮಾತು ಮಾತ್ರ ತಿಳಿಯಲಿಲ್ಲ.

ಈಗ ನನ್ನ ಕಿವಿಯಲ್ಲಿ ಪುಟ್ಟ ಯಂತ್ರವಿದೆ. ನಿಮ್ಮ ತರಗತಿಯಲ್ಲಿ, ಮಕ್ಕಳೇ, ಗೋಡೆಯಗಲದ ಪರದೆಯಿದೆ. ಮೊನ್ನೆ ನಿಮ್ಮನ್ನು ಕರೆದುಕೊಂಡು ಹೋಗಲು ಬಂದಾಗ ಅದರ ಮೇಲೆ ಬಣ್ಣಬಣ್ಣದ ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣು ಕಿರಿದು ಮಾಡಿ ನೋಡಿ ನೋಡಿ, ಆಮೇಲೆ ತಲೆ ತಗ್ಗಿಸಿಬಿಟ್ಟಳು. ಯಾರವಳು ಎಂದು ಕೇಳಿದೆ. "ಅವಳು ಹಂಗೇ ತಾತ, ಯಾರ ಜೊತೆನೂ ಸೇರಲ್ಲ" ಅಂದಿರಿ.

ನನ್ನನ್ನೂ ಹಾಗೆಯೇ ಅನ್ನುತ್ತಿದ್ದರು. ನಾಳೆ ಅವಳ ಪಕ್ಕ ಕೂತು, ಅಲ್ಲಿಂದ ಏನು ಕಾಣಿಸುತ್ತದೆ ಎಂದು ಕೇಳಿ.