ಸೈನ್ಯದ ಸರ್ಕಾರ ಕೊಟ್ಟ ಬುದ್ಧ

ಸಂಜೀವಯ್ಯ ಮೇಷ್ಟ್ರ ಬಿಪಿ ಏರುವುದೇ ವಿದೇಶಾಂಗ ನೀತಿಯಿಂದ ಎಂದು ಅವರ ಹೆಂಡತಿ ತಿಮ್ಮಕ್ಕ ಡಾಕ್ಟರಿಗೇ ಹೇಳಿದ್ದರು. “ವಿಶ್ವಸಂಸ್ಥೆ ಇವ್ರ ತಲೆ ಮೇಲೇ ನಿಂತಿರೋದು ಸಾರ್!” ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ಮನುಷ್ಯ. ದೇಶ ನ್ಯಾಯದ ಪರ ನಿಲ್ಲಬೇಕೆಂದು ಮಕ್ಕಳಿಗೆ ಹೇಳಿಕೊಟ್ಟದ್ದನ್ನು ತಾವೂ ನಂಬಿ ಕೆಟ್ಟವರು. ನೆರೆದೇಶದಲ್ಲಿ ಸೈನ್ಯ ಅಧಿಕಾರ ಹಿಡಿದು ಹಳ್ಳಿಗಳನ್ನು ಸುಡುತ್ತಿತ್ತು. ನಮ್ಮವರು ಆ ಜನರಲ್‌ಗಳ ಕೈ ಕುಲುಕುವುದನ್ನು ಟಿವಿಯಲ್ಲಿ ಕಂಡ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಆ ಪೀಡೆ ಕೋಣನಕುಂಟೆಯ ಬುದ್ಧ ವಿಹಾರಕ್ಕೇ ವಕ್ಕರಿಸಿತು. ಮೇಷ್ಟ್ರು ಅದರ ಅಧ್ಯಕ್ಷರು. ಅದೇ ಸರ್ಕಾರ ವಿಹಾರಕ್ಕೆ ಅಮೃತಶಿಲೆಯ ಬುದ್ಧನನ್ನು ಕೊಡುತ್ತದಂತೆ. ರಾಯಭಾರ ಕಚೇರಿಯ ಅಧಿಕಾರಿಯೇ ತಂದೊಪ್ಪಿಸುತ್ತಾನಂತೆ.

“ರಕ್ತದ ಕೈಯಿಂದ ಬುದ್ಧನ್ನ ಇಸ್ಕೊಳ್ಳೋದಾ? ನಾನಿರೋವರ್ಗೂ ಆಗಲ್ಲ,” ಎಂದರು ಮೇಷ್ಟ್ರು.

“ಡೆಲ್ಲಿಯವ್ರೇ ಅಡ್ಜಸ್ಟ್ ಮಾಡ್ಕೊಂಡಿದಾರೆ, ಮೇಷ್ಟ್ರೇ. ನಾವು ಬಿಟ್ರೆ ಚೀನಾದವ್ರು ನುಗ್ತಾರೆ ಅಂತ,” ಎಂದ ಕಾರ್ಯದರ್ಶಿ ಭೀಮೇಶ್, ಅವರ ಹಳೇ ವಿದ್ಯಾರ್ಥಿ. “ಇಲ್ಲೂ ಅಷ್ಟೇ. ನಾವು ಬೇಡ ಅಂದ್ರೆ ಅಂಜನಾಪುರದ ವಿಹಾರದವ್ರು ಲಾರಿ ತಗೊಂಡು ಬರ್ತಾರೆ.”

“ನಿಂಗೆ ಪಾಠ ಮಾಡಿದ್ದು ನಾನೇ ಏನೋ!” ಮೇಷ್ಟ್ರು ತಲೆ ಚಚ್ಚಿಕೊಂಡರು. ಪತ್ರಿಕೆಯವರನ್ನು ಕರೆಸಿ ಎಲ್ಲರ ಬಣ್ಣ ಬಯಲು ಮಾಡುತ್ತೇನೆಂದು ಎದ್ದು ಹೊರಟೇಬಿಟ್ಟರು.

ಗೇಟಿನ ಹತ್ತಿರ ಅವರನ್ನು ತಡೆದವರು ಭಂತೇಜಿ. ವಿಹಾರದಲ್ಲಿದ್ದುಕೊಂಡು ಪಾಲಿ ಓದುತ್ತಿದ್ದ ಈ ಎಳೆಯ ಭಿಕ್ಷು ಅದೇ ದೇಶದವರು. ಅವರ ಊರನ್ನೂ ಸೈನ್ಯ ಸುಟ್ಟಿತ್ತು. ಮೇಷ್ಟ್ರ ಸಿಟ್ಟೆಲ್ಲ ಅವರ ಸಲುವಾಗಿಯೇ.

“ಜಗಳ ಬೇಡ, ಸರ್. ನನ್ನ ಪಾಸ್‌ಪೋರ್ಟ್ ರಿನ್ಯೂ ಮಾಡುವವರು ಅವರೇ. ಮಾಡದಿದ್ದರೆ ನಾನು ವಾಪಸ್ ಹೋಗಬೇಕು. ಹೋದರೆ ಉಳಿಯುವುದಿಲ್ಲ.”

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿದುಬೀಳಬೇಕೆಂದೇ ತಿಳಿಯಲಿಲ್ಲ. ತಮ್ಮ ನ್ಯಾಯಕ್ಕೆ ಇನ್ನೊಬ್ಬರ ಪ್ರಾಣ ಪಣಕ್ಕಿಡಲು ಅವರೇನು ಸರ್ಕಾರವೇ? ಸುಮ್ಮನೆ ಒಳಗೆ ಬಂದು ಕುಳಿತರು.

ಸಮಾರಂಭದ ದಿನ ನಮ್ಮ ಕಡೆಯ ರೂಢಿಯಂತೆ ಅತಿಥಿಗೆ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ತೊಡಿಸಬೇಕಾದವರು ಅಧ್ಯಕ್ಷರು. ದರಿದ್ರದ್ದು ಆ ತಲೆಗೆ ಸಣ್ಣದಾಯಿತು. ಮೇಷ್ಟ್ರು ಹಲ್ಲು ಕಚ್ಚಿ ಎರಡೂ ಕೈಯಿಂದ ಒತ್ತಿ ಕೂರಿಸಬೇಕಾಯಿತು.

“ಸ್ವಲ್ಪ ನಗಿ, ಮೇಷ್ಟ್ರೇ,” ಎಂದ ಭೀಮೇಶ್, ಮೊಬೈಲ್ ಹಿಡಿದು.

ಹಾಳಾಗಿ ಹೋಗಲಿ ಎಂದು ನಕ್ಕರು.

ಹೊರಡುವ ಮುನ್ನ ಅಧಿಕಾರಿ ಭಂತೇಜಿಯನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದ. ಭಂತೇಜಿ ತಲೆ ತಗ್ಗಿಸಿ ಒಂದೇ ಮಾತಿನಲ್ಲಿ ಉತ್ತರಿಸಿದರು. ಕಾರು ಮರೆಯಾಗುತ್ತಲೇ ಮೇಷ್ಟ್ರು ಓಡಿಬಂದರು.

“ಏನ್ ಕೇಳ್ದ ಅವ್ನು?”

“ಯಾವ ಊರು ಅಂತ ಕೇಳಿದರು, ಸರ್.”

“ನೀವೇನಂದ್ರಿ?”

“ಕೋಣನಕುಂಟೆ ಅಂದೆ.”