ಅಮ್ಮ ಕೇಳ್ತಿದ್ಲು

ಇಂಗ್ಲಿಷಿನ ನೇರ ಪ್ರಶ್ನೆಯನ್ನು ಪರೋಕ್ಷಕ್ಕೆ ತಿರುಗಿಸುವುದರಲ್ಲಿ ನಾನು ಪಳಗಿದ ಕೈ. ಇದನ್ನು ಜಂಭ ಅಂದುಕೊಳ್ಳಬೇಡಿ, ತಪ್ಪೊಪ್ಪಿಗೆ ಅಂದುಕೊಳ್ಳಿ. ಮೈಸೂರಿನಲ್ಲಿ ಎಂಟನೇ ಕ್ಲಾಸು ಓದುವ ನಾದಿನಿಯ ಮಗಳು ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಹತ್ತು ವಾಕ್ಯ ಕಳಿಸುತ್ತಾಳೆ. ಅಮೆರಿಕದ ದೊಡ್ಡಪ್ಪನಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂಬುದು ಆ ಮಗುವಿನ ನಂಬಿಕೆ. ರೆಡೊಂಡೊ ಬೀಚಿನ ಆಫೀಸಿನಲ್ಲಿ ವಿಮಾನದ ಬಿಡಿಭಾಗಗಳ ನಕ್ಷೆ ಬದಿಗಿಟ್ಟು, ಮೊಸರನ್ನ ತಿನ್ನುತ್ತ ಅವಳ ಹೋಮ್‌ವರ್ಕಿಗೆ ಕೂರುತ್ತೇನೆ.

ಕೆಲಸ ಸಣ್ಣದಲ್ಲ. ಮೊದಲು ಪ್ರಶ್ನೆಯ ಚಿಹ್ನೆ ಕೀಳಬೇಕು. ‘ನೀನು’ ಇದ್ದದ್ದು ‘ಅವನು’ ಆಗಬೇಕು, ಇಂದಿನ ಮಾತನ್ನು ನಿನ್ನೆಗೆ ತಳ್ಳಬೇಕು. ಇಷ್ಟಾದ ಮೇಲೆ ಆ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನನಗೆ ಹಿಡಿಸಿದ್ದೇ ಅದು.

ಕನ್ನಡದಲ್ಲಿ ಈ ರಗಳೆಯಿಲ್ಲ. ಪ್ರಶ್ನೆಯನ್ನು ಇದ್ದ ಹಾಗೇ ಇಟ್ಟು ಹಿಂದೆ ಒಂದು ‘ಅಂತ’ ಅಂಟಿಸಿದರೆ ಮುಗಿಯಿತು. ಆದರೆ ವ್ಯಾಕರಣದವರಿಗೆ ಹೊಳೆಯದ ಒಂದು ಜಾತಿಯನ್ನು ನಮ್ಮವರು ಕಂಡುಹಿಡಿದಿದ್ದಾರೆ: ಯಾರೂ ಕೇಳದೇ ಇದ್ದ ಪ್ರಶ್ನೆಯ ವರದಿ. ಯುಗಾದಿಗೆ ಮನೆಗೊಂದು ಅಡುಗೆ ತಂದು ಹಂಚಿಕೊಂಡ ಪಾಟ್‌ಲಕ್ಕಿನಲ್ಲಿ ಲಾಂಗ್ ಬೀಚಿನ ವಿಮಲಾ ಆಂಟಿ ನನ್ನ ತಟ್ಟೆಗೆ ಪುಳಿಯೋಗರೆ ಹಾಕುತ್ತ, ತಮ್ಮ ಯಜಮಾನರು ಕೇಳುತ್ತಿದ್ದರು, ನಿಮ್ಮ ಮಗಳಿಗೆ ಗಂಡು ನೋಡುತ್ತಿದ್ದೀರಾ ಅಂತ, ಎಂದರು. ಯಜಮಾನರು ಪಕ್ಕದಲ್ಲೇ ಕೂತು ಹಪ್ಪಳ ಮುರಿಯುತ್ತಿದ್ದರು. ಆ ಪ್ರಶ್ನೆ ಅವರ ಕಿವಿಗೂ ಆಗಲೇ ಮೊದಲ ಸಲ ಬಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

ನಕ್ಕೆ. ಆದರೆ ನಾನೇನು ಸಾಚಾನೇ?

ನನ್ನ ಮಗಳು ನಿಧಿಗೆ ನಾನು ಮುಖಕ್ಕೆ ಮುಖ ಕೊಟ್ಟು ಕೇಳಿದ ಪ್ರಶ್ನೆ ಒಂದೇ. ಕಾರ್ಲ್ಸ್‌ಬಾಡಿನ ಬಯೋಟೆಕ್ ಕೆಲಸ ಬಿಟ್ಟು ಸ್ಯಾನ್ ಡಿಯಾಗೋದ ಒಂದು ಬೇಕರಿಗೆ ಸೇರಿದ್ದೇನೆ ಎಂದು ಅವಳು ಮನೆಗೆ ಬಂದು ಹೇಳಿದ ದಿನ, ‘ಇದಕ್ಕೇನಾ ನಿನ್ನನ್ನ ಓದಿಸಿದ್ದು?’ ಅಂದುಬಿಟ್ಟೆ. ಕಾರಿನ ಕೀ ತೆಗೆದುಕೊಂಡು ಹೊರಟಳು, ನಾಲ್ಕು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಟ್ರಾಫಿಕ್ ಕೃಪೆ ತೋರಿದರೆ ಎರಡು ಗಂಟೆಯ ದಾರಿ. ಮನೆ ಬಿಕೋ ಅನ್ನುತ್ತಿತ್ತು. ಅವಳನ್ನು ನೋಡಬೇಕು ಅಂತ ನನಗೆ ತುಂಬ ಆಸೆಯಾಗುತ್ತಿತ್ತು. ಹಾಗೆಂದು ಹೇಳಲು ನಾಲಿಗೆ ಏಳಬೇಕಲ್ಲ! ಪ್ರತಿ ಭಾನುವಾರ ಫೋನ್ ಮಾಡಿ, ಅಮ್ಮ ಕೇಳ್ತಿದ್ಲು, ಯಾವಾಗ ಬರ್ತೀಯ ಅಂತ, ಅನ್ನುತ್ತಿದ್ದೆ. ಅವಳು ‘ಲೆಟ್ಸ್ ಸೀ’ ಅನ್ನುತ್ತಿದ್ದಳು. ಕೇಳಿದ ರೀತಿಗೆ ತಕ್ಕ ಉತ್ತರ.

ಕಳೆದ ಭಾನುವಾರ ಮಾತ್ರ ಅವಳು ನನ್ನನ್ನು ತಡೆದಳು.

‘ಒಂದ್ನಿಮಿಷ, ಅಪ್ಪ. ಅಮ್ಮ ಫೋನ್ ಮಾಡ್ದಾಗ ಅಪ್ಪ ಕೇಳ್ತಿದ್ರು ಅಂತಾಳೆ. ನೀನು ಮಾಡ್ದಾಗ ಅಮ್ಮ ಕೇಳ್ತಿದ್ಲು ಅಂತೀಯ. ಸೋ, ಆಕ್ಚುಯಲಿ ಕೇಳ್ತಿರೋದು ಯಾರು?’

ಅಡುಗೆಮನೆ ಕಡೆ ನೋಡಿದೆ. ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಸುಮಾ ನಲ್ಲಿ ತಿರುಗಿಸಿ, ಆಗಲೇ ತೊಳೆದಿಟ್ಟಿದ್ದ ಕುಕ್ಕರನ್ನು ಮತ್ತೆ ತೊಳೆಯತೊಡಗಿದಳು. ಆ ಕಡೆಯಿಂದ ಯಾವ ಸಹಾಯವೂ ಬರುವಂತಿರಲಿಲ್ಲ.

‘ನಾನೇ ಕಣಮ್ಮ,’ ಅಂದೆ. ‘ಆವತ್ತು ಹಾಗೆ ಕೇಳಿದ್ದು ತಪ್ಪಾಯ್ತು. ಯಾವಾಗ ಬರ್ತೀಯ?’

ಹಳೆಯ ಪ್ರಶ್ನೆಗೆ ಆದ ಗತಿ ಇದಕ್ಕೂ ಆದೀತೇನೋ ಎಂದು ಹೆದರಿದೆ.

‘ಶನಿವಾರ,’ ಅಂದಳು. ಆಮೇಲೆ, ‘ನನ್ನ ರೂಮ್‌ಮೇಟ್ ಕೇಳ್ತಿದ್ಲು, ನಿಮ್ಮಪ್ಪ ಈಗ್ಲೂ ಗೊಜ್ಜವಲಕ್ಕಿ ಮಾಡ್ತಾರಾ ಅಂತ.’

ಬಯೋಟೆಕ್ ಕೆಲಸ ಸಿಕ್ಕಾಗ ಅವಳು ಈಗಿರುವ ಒಂದೇ ಕೋಣೆಯ ಸ್ಟುಡಿಯೋ ಅಪಾರ್ಟ್‌ಮೆಂಟಿಗೆ ಹೋದ ದಿನ ಸಾಮಾನು ಹೊತ್ತವನು ನಾನು. ಅಲ್ಲಿ ಒಂದು ಮಂಚ ಹಾಕಿದರೆ ಎರಡನೆಯವರು ನಿಲ್ಲಲೂ ಜಾಗವಿಲ್ಲ. ಈ ರೂಮ್‌ಮೇಟ್ ಎಲ್ಲಿಂದ ಬಂದಳು ಎಂದು ನಾನು ಕೇಳಲಿಲ್ಲ.

‘ಮಾಡ್ತಾರಂತೆ ಅಂತ ಹೇಳು ಅವಳಿಗೆ,’ ಅಂದೆ.